ಬೈಯಲಿಕ್ಕೊಬ್ಬ ದೇವರು

ಮರಾಠಿಯ ಸಂತಕವಿ ತುಕಾರಾಮ ತನ್ನ ಕಥೆಯನ್ನು ತಾನೇ ಹೇಳಿಕೊಂಡ ಅಭಂಗವೊಂದಿದೆ. ಇದೆಲ್ಲ ಆಡುವ ಮಾತಲ್ಲ, ಸಂತರು ನೀವು ಕೇಳಿದಿರೆಂದು ಹೇಳುತ್ತಿದ್ದೇನೆ ಎಂಬ ಸಂಕೋಚದಿಂದಲೇ ಶುರುವಾಗುತ್ತದೆ. ದುಃಖದ ಲೆಕ್ಕ ಕೆಲವೇ ಸಾಲಿಗೆ ಮುಗಿದುಹೋಗುತ್ತದೆ. ಹೆತ್ತವರು ತೀರಿಕೊಂಡರು, ಬರಗಾಲದಲ್ಲಿ ದುಡ್ಡು ಹೋಯಿತು, ಅದರ ಹಿಂದೆ ಮಾನವೂ ಹೋಯಿತು, ಹೆಂಡತಿ ಹಸಿವಿನಿಂದ ಸತ್ತಳು, ವ್ಯಾಪಾರ ನೆಲಕಚ್ಚಿತು. ಆಮೇಲೆ ಬರುವುದು ಗುಡಿಯ ಮಾತು: ಅದು ಬಿದ್ದುಹೋಗಿತ್ತು, ಸರಿಮಾಡಬೇಕೆಂದು ಮನಸ್ಸಿಗೆ ಬಂತು. ಯಾಕೆ ಬಂತು ಎಂದು ಅವನು ಹೇಳುವುದಿಲ್ಲ. ನಾನಂತೂ ಆ ಸಾಲು ದಾಟಿ ಸಲೀಸಾಗಿ ಮುಂದೆ ಹೋದದ್ದೇ ಇಲ್ಲ.

ಅವನು ಹೇಳುವ ಬರ 1630ರಿಂದ 32ರವರೆಗೆ ಗುಜರಾತು, ದಖ್ಖನ್ನುಗಳನ್ನು ತಿಂದುಹಾಕಿದ್ದು. ಮಳೆ ಕೈಕೊಟ್ಟಿತ್ತು, ಸಾಲದ್ದಕ್ಕೆ ಮೊಗಲರ ದಂಡು ದಖ್ಖನ್ನಿನಲ್ಲಿ ಬೀಡುಬಿಟ್ಟಿತ್ತು. ಸೂರತ್ತಿನಿಂದ ಬುರ್ಹಾನಪುರದ ದಾರಿ ಹಿಡಿದಿದ್ದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ ದಾರಿಯುದ್ದಕ್ಕೂ ಹೆಣ ಕಂಡದ್ದನ್ನು ಬರೆದಿಟ್ಟಿದ್ದಾನೆ. ಪುಣೆಯ ಹತ್ತಿರದ ದೇಹೂ ಎಂಬ ಹಳ್ಳಿಯಲ್ಲಿ, ಇಂದ್ರಾಯಣಿ ಹೊಳೆಯ ದಂಡೆಯಲ್ಲಿ, ತುಕಾರಾಮನದು ಅಂಗಡಿ ಇಟ್ಟು ಸಾಲ ಕೊಡುತ್ತಿದ್ದ ಮನೆ. ಮೊದಲ ಹೆಂಡತಿ ರಖುಮಾಬಾಯಿಯ ಹಿಂದೆಯೇ ಮಗ ಸಂತೂನೂ ಹೋದ. ಬಿದ್ದಿದ್ದ ಗುಡಿ ಪರಸ್ಥಳದ್ದಲ್ಲ, ಅವನ ಹಿರಿಯ ವಿಶ್ವಂಭರ ಕಟ್ಟಿಸಿದ ಮನೆತನದ ವಿಠ್ಠಲನದು. ಅಂದರೆ ತಲೆತಲಾಂತರದಿಂದ ಕೈಮುಗಿಸಿಕೊಂಡು, ಬೇಕಾದಾಗ ಒದಗದೇ ಹೋದ ದೇವರು. ಅಂಥವನ ಗೋಡೆ ಬಿದ್ದರೆ ಬೀಳಲಿ ಎನ್ನಬೇಕಾಗಿದ್ದ ಮನುಷ್ಯ ಮಣ್ಣು ಕಲಸಲು ಹೋದ.

ಇದಕ್ಕೆ ತುಕಾರಾಮನ ಇನ್ನೊಂದು ಅಭಂಗದಲ್ಲಿ ಉತ್ತರವಿದೆ ಎನ್ನುವವರುಂಟು. ದಿವಾಳಿ ಎದ್ದದ್ದು ಒಳ್ಳೆಯದಾಯಿತು, ಬರ ಬಂದದ್ದು ಒಳ್ಳೆಯದಾಯಿತು, ಅದರಿಂದಲೇ ದೇವರೇ ನಿನ್ನ ನೆನಪಾಯಿತು ಎಂಬ ಧಾಟಿಯ ಅಭಂಗ ಅದು. ಕೀರ್ತನಕಾರರಿಗೆ ಅದು ಬಲು ಇಷ್ಟ. ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ತುಕಾರಾಮನ ಮನಸ್ಸು ಪಕ್ವವಾಗಲಿ ಎಂದು ರಖುಮಾಬಾಯಿ ಹಸಿದು ಸಾಯಬೇಕಾಗಿತ್ತೇ? ಸ್ವತಃ ಅನುಭವಿಸಿದವನು ಹಾಗೆ ಹಾಡಿದರೆ ಅದು ಅವನ ಹಕ್ಕು, ಹೊಟ್ಟೆ ತುಂಬಿದ ನಾವು ಅದನ್ನೇ ತಾಳ ಹಾಕಿ ಒಪ್ಪಿಸುವುದು ಬೇರೆ. ಗುಡಿ ರಿಪೇರಿಯ ಮಾತಿನಲ್ಲಿ ಮಾತ್ರ ಇಂಥ ಸಮಜಾಯಿಷಿ ಇಲ್ಲ, ಬರೀ ಕೆಲಸವಿದೆ. ಅದಕ್ಕೇ ನಂಬಿಕೆ ಬರುತ್ತದೆ.

ಸಮಜಾಯಿಷಿ ಕೊಡುವವರು ಸಾಮಾನ್ಯವಾಗಿ ಕಳೆದುಕೊಂಡವರಲ್ಲ, ಮಾತಾಡಿಸಲು ಬಂದವರು. ಋಣ ಅಷ್ಟೇ ಇತ್ತು, ಹಣೆಬರಹ ತಪ್ಪಿಸಲಾಗುತ್ತದೆಯೇ, ದೇವರಿಗೂ ಒಳ್ಳೆಯವರೇ ಬೇಕು ನೋಡಿ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಹುಟ್ಟು ಸಾವಿನ ಒಗಟು ಬಿಡಿಸಿ ಎದ್ದು ಹೋಗುತ್ತಾರೆ. ಕೂತಲ್ಲೇ ಕೂತ ತಾಯಿ ಮಾತ್ರ, ಬೆಳಿಗ್ಗೆ ತಿಂಡಿ ತಿಂದು ಹೋದ ಮಗ ಸಂಜೆಗೆ ಇಲ್ಲವೆಂದಾದ ತಾಯಿ, ದೇವರಿಗೆ ಕಣ್ಣಿಲ್ಲ ಎನ್ನುತ್ತಾಳೆ. ನಿನ್ನ ಗುಡಿ ಹಾಳಾಗಿ ಹೋಗಲಿ ಎಂದು ಮಣ್ಣು ತೂರುವವರೂ ಇದ್ದಾರೆ. ಇದನ್ನು ಕೇಳಿದ ಯಾವ ಅಜ್ಜಿಯೂ ಇವಳು ನಾಸ್ತಿಕಳಾದಳು ಎಂದುಕೊಳ್ಳುವುದಿಲ್ಲ. ಕಣ್ಣಿಲ್ಲದವನಿಗೆ ಕಿವಿಯಾದರೂ ಇದೆ ಎಂದು ನಂಬಿದವಳೇ ಅಷ್ಟು ಕೂಗಿ ಹೇಳಬಲ್ಲಳು.

ನಮ್ಮ ಸೂತಕವನ್ನೂ ನಾನು ಈಚೆಗೆ ಬೇರೆ ಬಗೆಯಲ್ಲಿ ನೋಡತೊಡಗಿದ್ದೇನೆ. ಮೈಲಿಗೆಯ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ, ಅದರಲ್ಲಿ ಕ್ರೌರ್ಯವೂ ಇದೆ. ಆದರೂ ಅದು ಮಾಡುವ ಒಂದು ಕೆಲಸ ಸೋಜಿಗದ್ದು. ಹತ್ತು ಹನ್ನೊಂದು ದಿನ ದೇವರ ಮನೆಯ ಬಾಗಿಲು ಮುಚ್ಚುತ್ತದೆ, ದೀಪವಿಲ್ಲ, ಗುಡಿಗೆ ಹೋಗುವಂತಿಲ್ಲ. ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ದೇವರ ಮುಖ ನೋಡಲು ಮನಸ್ಸೇ ಬಾರದ ದಿನಗಳಲ್ಲಿ, ನೋಡಬೇಡ ಎಂದು ಶಾಸ್ತ್ರವೇ ರಜೆ ಕೊಟ್ಟುಬಿಡುತ್ತದೆ. ನಂಬುತ್ತೀಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಶುದ್ಧವಾದ ದಿನ ಯಾರೋ ಬತ್ತಿ ಹೊಸೆದು ಎಣ್ಣೆ ಹಾಕುತ್ತಾರೆ, ಅಷ್ಟೇ.

ಇದೇ ನೆಲದಲ್ಲಿ ಶರಣರು ಇದಕ್ಕೆ ಪೂರಾ ಎದುರಾದ ದಾರಿ ಹಿಡಿದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದೂ ಸೂತಕಗಳನ್ನು ಕಿತ್ತೊಗೆದರು. ಇಷ್ಟಲಿಂಗ ಕಟ್ಟಿಕೊಂಡವರಿಗೆ ಸಾವಿನ ದಿನವೂ ಪೂಜೆ ತಪ್ಪುವುದಿಲ್ಲ. ತೀರಿಕೊಂಡವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟೇ ಮಣ್ಣು ಮಾಡುತ್ತಾರೆ. ದೇವರು ಅಂಗೈಯಷ್ಟು ಹತ್ತಿರ, ಸಿಟ್ಟು ಬಂದರೂ ಮುಖ ತಿರುಗಿಸಲು ಜಾಗವಿಲ್ಲ. ಒಂದು ಕಡೆ ದೂರ ಸರಿಯಲು ಪರವಾನಗಿ, ಇನ್ನೊಂದು ಕಡೆ ಬಿಟ್ಟುಕೊಡದ ಹಿಡಿತ. ಯಾವುದು ಹೆಚ್ಚು ಕರುಣೆಯದು ಎಂದು ತೀರ್ಮಾನಿಸುವ ಧೈರ್ಯ ನನಗಿಲ್ಲ.

ವಿಠ್ಠಲನ ಕಡೆಗೆ ಬರೋಣ. ಆಷಾಢ ಏಕಾದಶಿ ಹತ್ತಿರವಾದರೆ ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯವರೂ ಅವನಿರುವ ಪಂಢರಪುರಕ್ಕೆ ನಡೆಯುತ್ತಾರೆ. ಪುರಂದರದಾಸರಂತೂ ಅವನ ಹೆಸರನ್ನೇ ಅಂಕಿತದಲ್ಲಿ ಇಟ್ಟುಕೊಂಡವರು. ಆ ಮೂರ್ತಿಯನ್ನು ಸರಿಯಾಗಿ ನೋಡಿ. ಹೆದರಬೇಡ ಎನ್ನುವ ಅಭಯಹಸ್ತವಿಲ್ಲ, ಕೇಳಿದ್ದು ಕೊಡುತ್ತೇನೆ ಎನ್ನುವ ವರದಹಸ್ತವೂ ಇಲ್ಲ. ಎರಡೂ ಕೈ ಸೊಂಟದ ಮೇಲೆ. ಭವಸಾಗರ ಭಕ್ತರಿಗೆ ಇಷ್ಟೇ ಆಳ, ಸೊಂಟದ ಮಟ್ಟ, ಎಂದು ತೋರಿಸುತ್ತಿದ್ದಾನೆ ಎಂಬ ಹಳೆಯ ವಿವರಣೆಯಿದೆ. ಚೆಂದದ ಮಾತೇ, ಆದರೆ ಸೊಂಟದ ಮಟ್ಟದ ನೀರಿನಲ್ಲೂ ಮಕ್ಕಳು ಮುಳುಗುತ್ತವೆ. ನನಗೆ ಕಾಣುವುದು ಇಷ್ಟು: ಅವನು ಯಾವ ಭರವಸೆಯನ್ನೂ ಕೊಟ್ಟಿಲ್ಲ, ತಾನು ನಿಂತ ಇಟ್ಟಿಗೆ ಬಿಟ್ಟು ಕದಲಿಯೂ ಇಲ್ಲ. ಬೈಯಲು ಬಂದವರಿಗೂ ನಿಂತಲ್ಲೇ ಸಿಗುತ್ತಾನೆ.

ಹಾಗೆ ಬೈದವರಲ್ಲಿ ಮೊದಲಿಗಳು ತುಕಾರಾಮನ ಎರಡನೆಯ ಹೆಂಡತಿ ಜಿಜಾಬಾಯಿ. ಸಂತಚರಿತ್ರೆಗಳು ಅವಳನ್ನು ಬಾಯಿಬಡುಕಿಯೆಂದು ನಗೆಗೀಡು ಮಾಡಿವೆ, ಅದು ಅನ್ಯಾಯ. ಗಂಡ ಗುಡ್ಡದ ಮೇಲೆ ಭಜನೆಗೆ ಕೂತರೆ ಮನೆಯಲ್ಲಿ ಹಿಟ್ಟಿಲ್ಲದ ಮಡಕೆ ನೋಡಬೇಕಾದವಳು ಅವಳು. ಸಾಲಪತ್ರಗಳಲ್ಲಿ ತನ್ನ ಪಾಲನ್ನು ಗಂಡ ಇಂದ್ರಾಯಣಿಗೆ ಎಸೆದನಂತೆ, ಆ ನಷ್ಟವೂ ಅವಳ ಒಲೆಗೇ ತಟ್ಟಿತು. ಕರಿಯ ವಿಠೋಬ ಮನೆ ಮುರಿದ ಎಂದು ಬೈಯುತ್ತಲೇ ದಿನಾ ಭಂಡಾರ ಗುಡ್ಡಕ್ಕೆ ರೊಟ್ಟಿ ಹೊತ್ತು ಹತ್ತುತ್ತಿದ್ದಳು. ಒಮ್ಮೆ ಕಾಲಿಗೆ ಮುಳ್ಳು ಚುಚ್ಚಿದಾಗ ಕೀಳಲು ಬಂದವನು ವಿಠೋಬನೇ ಎಂದು ಕಥೆ. ಇಷ್ಟು ಜನ ಹೊಗಳುವವರಿದ್ದೂ ದೇವರು ಕೂತು ಕಾಲು ಹಿಡಿದದ್ದು ಬೈಯುವವಳದು ಎಂದು ಜನ ಕಥೆ ಕಟ್ಟಿಕೊಂಡರಲ್ಲ, ಆ ಜನಕ್ಕೆ ದುಃಖದ ಅಂದಾಜು ಚೆನ್ನಾಗಿಯೇ ಇತ್ತು.

1650ರ ಸುಮಾರಿಗೆ ತುಕಾರಾಮ ಇಲ್ಲವಾದ. ವೈಕುಂಠಕ್ಕೆ ಹೋದ ಎಂದರು ಭಕ್ತರು. ಜಿಜಾಬಾಯಿ ಆಗ ಬಸುರಿ. ಅವಳ ಹೊಟ್ಟೆಯಲ್ಲಿದ್ದ ನಾರಾಯಣ ಮುಂದೆ 1685ರಲ್ಲಿ ಅಪ್ಪನ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ದೇಹೂವಿನಿಂದ ಪಂಢರಪುರಕ್ಕೆ ಹೊರಟ. ಈಗ ಲಕ್ಷಾಂತರ ಜನ ನಡೆಯುವ ಆ ವಾರಿ ಯಾತ್ರೆಯ ಪಲ್ಲಕ್ಕಿ, ವಿಠೋಬನನ್ನು ಬಾಯಿತುಂಬ ಬೈದವಳ ಮನೆಯಿಂದಲೇ ಹೊರಟದ್ದು.