ಮಗುವಿನ ಕೈಯಲ್ಲಿ ಬಂದೂಕು

ತಂದೆಯೋ ತಾಯಿಯೋ ಮಗುವನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಬಂದೂಕು ಹಿಡಿಯಲು ಕಲಿಸುವುದು ಸರಿಯೇ ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಚಿಕ್ಕದು. 1959ರ ಆಯುಧ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರಿಗೆ ಬಂದೂಕಿನ ಪರವಾನಗಿ ಸಿಗುವುದಿಲ್ಲ. ಆದರೆ ತರಬೇತಿಗೆಂದು, ನಿಯಮಗಳಿಗೆ ಒಳಪಟ್ಟು, ಕಿರಿಯರು ಗುರಿ ಅಭ್ಯಾಸ ಮಾಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆ ಮಾಡಬಹುದೇ ಎಂಬುದಕ್ಕೆ ಇಷ್ಟು ಸಾಕು. ಮಾಡತಕ್ಕದ್ದೇ ಎಂಬುದು ಕಾನೂನಿನ ಪುಸ್ತಕದಲ್ಲಿ ಸಿಗುವ ಮಾತಲ್ಲ. ಅದನ್ನು ಕೇಳಲು ಕನ್ನಡನಾಡಿನಲ್ಲಿ ಶ್ರವಣಬೆಳಗೊಳಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ. ಅಹಿಂಸೆಯನ್ನು ವ್ರತವಾಗಿ ಕೈಗೊಂಡವರೂ ಕತ್ತಿ ಹಿಡಿದು ಬದುಕಿದವರೂ ಒಂದೇ ಬೆಟ್ಟವನ್ನು ಹತ್ತಿದ ಊರು ಅದು.

ದೊಡ್ಡಬೆಟ್ಟದ ಮೇಲೆ 58 ಅಡಿ ಎತ್ತರದ ಗೊಮ್ಮಟನನ್ನು, ಅಂದರೆ ಬಾಹುಬಲಿಯನ್ನು, ನಿಲ್ಲಿಸಿದ ಚಾವುಂಡರಾಯ ಗಂಗ ದೊರೆ ರಾಚಮಲ್ಲನ ಮಂತ್ರಿ, ಸೇನಾಪತಿ. ಸಮರಪರಶುರಾಮ, ರಣರಂಗಸಿಂಗ ಮುಂತಾದ ಬಿರುದುಗಳು ಅವನಿಗಿದ್ದವು. ಅದೇ ಮನುಷ್ಯ 978ರಲ್ಲಿ ತೀರ್ಥಂಕರರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದ. ಬೆಟ್ಟದ ಮೇಲಿನ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಅವನ ಯುದ್ಧಸಾಹಸಗಳನ್ನು ಹೊಗಳುವ ಶಾಸನದ ಒಂದು ಭಾಗ ಇಂದಿಗೂ ಉಳಿದಿದೆ. ಮುಂದೆ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದ ಗಂಗರಾಜನೂ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೇ. ಆಯುಧ ಮುಟ್ಟಿದವನು ಶ್ರಾವಕನಲ್ಲ, ಜೈನ ಗೃಹಸ್ಥನಲ್ಲ, ಎಂದು ಈ ಪರಂಪರೆ ಎಂದೂ ಹೇಳಲಿಲ್ಲ. ಮುನಿಯ ವ್ರತ ಬೇರೆ, ಗೃಹಸ್ಥನ ವ್ರತ ಬೇರೆ. ಗೃಹಸ್ಥನ ಬದುಕಿನಲ್ಲಿ ಒಲೆ ಹಚ್ಚಿದರೂ ನೆಲ ಉತ್ತರೂ ಜೀವಹಾನಿ ತಪ್ಪದು. ಆದ್ದರಿಂದ ಜೈನ ಚಿಂತಕರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ಬಿಡಿಸಿದರು. ಮನೆಗೆಲಸದಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಆತ್ಮರಕ್ಷಣೆಗಾಗಿ ಆಗುವುದು ಇವನ್ನು ಗೃಹಸ್ಥ ಆದಷ್ಟು ತಗ್ಗಿಸಬೇಕು. ಕೊಲ್ಲಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು.

ರೇಂಜಿಗೆ ಹೊರಟ ತಂದೆಗೆ ಮೊದಲ ಅಡ್ಡಿ ಬರುವುದು ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಿಂದ. ಪ್ರಯೋಜನವಿಲ್ಲದೆ ಮಾಡುವ ಪಾಪಗಳನ್ನು ಅನರ್ಥದಂಡವೆಂದು ಕರೆದು ಅವರು ಐದು ಬಗೆ ಹೇಳುತ್ತಾರೆ. ಅದರಲ್ಲಿ ಒಂದು ಹಿಂಸಾದಾನ: ಕೊಡಲಿ, ಕತ್ತಿ, ಬೆಂಕಿ, ಆಯುಧ, ಸಂಕೋಲೆಗಳಂಥ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಇದು ಸೂಕ್ಷ್ಮವಾದ ವಿಚಾರ. ಕೊಟ್ಟವನು ಏನನ್ನೂ ಕೊಂದಿಲ್ಲ, ಪಡೆದವನೂ ಇನ್ನೂ ಕೊಂದಿಲ್ಲ. ಆದರೂ ಕೊಟ್ಟ ಕ್ಷಣದಲ್ಲೇ ಹೊಣೆ ಹುಟ್ಟುತ್ತದೆ. ಪಡೆಯುವವನು ದೊಡ್ಡವನಾದರೆ ಹೊಣೆಯಲ್ಲಿ ಅವನಿಗೂ ಪಾಲುಂಟು. ಪಡೆಯುವುದು ಮಗುವಾದರೆ ಹೊಣೆಯೆಲ್ಲ ಕೊಟ್ಟವರದೇ.

ಅದು ಎಷ್ಟು ಭಾರದ ಹೊಣೆ ಎಂಬುದನ್ನು ತೋರಿಸುವ ಎರಡು ಘಟನೆಗಳಿವೆ. 2014ರ ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾದಲ್ಲಿ, ರಜೆಗೆಂದು ಬಂದ ಕುಟುಂಬದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಕೈಗೆ ರೇಂಜಿನಲ್ಲಿ ಊಜಿ ಸಬ್‌ಮಷಿನ್ ಗನ್ ಕೊಡಲಾಯಿತು. ಗುಂಡುಗಳು ಒಂದರ ಹಿಂದೆ ಒಂದು ಹಾರುತ್ತಿದ್ದಂತೆ ಬಂದೂಕು ಅವಳ ಹಿಡಿತ ತಪ್ಪಿ ಮೇಲೆದ್ದಿತು. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದ ತರಬೇತುದಾರ ಸತ್ತ. ಇನ್ನೊಂದು ನಡೆದದ್ದು ಶ್ರವಣಬೆಳಗೊಳದ ನೆರೆಯ ತಾಲ್ಲೂಕಿನಲ್ಲೇ. 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹದಿಹರೆಯದ ಹುಡುಗನೊಬ್ಬ ಅಲ್ಲಿದ್ದ ಪರವಾನಗಿಯ ಕೋವಿಯನ್ನು ಎತ್ತಿಕೊಂಡ. ಗುಂಡು ಹಾರಿ ನಾಲ್ಕು ವರ್ಷದ ಮಗು ತೀರಿಕೊಂಡಿತು. ಒಂದು ಕಡೆ ರೇಂಜು, ತರಬೇತುದಾರ, ಹೆತ್ತವರು ಎಲ್ಲರೂ ಇದ್ದರು. ಇನ್ನೊಂದು ಕಡೆ ಕಲಿಸುವವರು ಯಾರೂ ಇರಲಿಲ್ಲ. ಎರಡು ಕಡೆಯೂ ಮಕ್ಕಳ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ಇಲ್ಲದಿದ್ದದ್ದು ದೊಡ್ಡವರಿಗೆ ಇರಬೇಕಾಗಿದ್ದ ಎಚ್ಚರ.

ಎಚ್ಚರದ ಈ ಪ್ರಶ್ನೆಯಲ್ಲಿಯೇ ರೇಂಜಿನ ಪರವಾದ ವಾದವೂ ಅಡಗಿದೆ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದೇ ಹಿಂಸೆ ಎಂಬುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಿಲುವು. ಪ್ರಮಾದವೇ ಹಿಂಸೆಯ ಬೇರಾದರೆ, ಪ್ರಮಾದವನ್ನು ಬಿಡಿಸುವ ಯಾವ ಶಿಕ್ಷಣವೂ ಅಹಿಂಸೆಗೆ ಹತ್ತಿರದ್ದೇ. ಒಳ್ಳೆಯ ರೇಂಜಿನಲ್ಲಿ ಮಗು ಮೊದಲು ಕಲಿಯುವುದು ಗುಂಡು ಹಾರಿಸುವುದನ್ನಲ್ಲ. ನಳಿಗೆಯ ಬಾಯಿ ಯಾವಾಗಲೂ ಗುರಿಯ ದಿಕ್ಕಿಗೇ ಇರಬೇಕು, ಗುರಿ ಹಿಡಿಯುವವರೆಗೆ ಬೆರಳು ಕುದುರೆಯ (ಟ್ರಿಗರ್) ಮೇಲೆ ಹೋಗಬಾರದು, ರೈಫಲ್ ಖಾಲಿಯಿದೆ ಎಂದು ಎಲ್ಲರಿಗೂ ಕಾಣುವಂತೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಿಡಬೇಕು, ‘ಸ್ಟಾಪ್’ ಎಂಬ ಕೂಗು ಬಿದ್ದೊಡನೆ ಕೈ ನಿಲ್ಲಬೇಕು. ಇವೆಲ್ಲ ಮೈಗೂಡಿದ ಮೇಲೆ 10 ಮೀಟರ್ ದೂರದ ಕಾಗದ. ಅದರಲ್ಲಿನ ಉಂಗುರಗಳೆಲ್ಲ ಸೇರಿ 45.5 ಮಿಲಿಮೀಟರ್ ಅಗಲ; ಹತ್ತು ಅಂಕದ ನಡುಬಿಂದು ಅರ್ಧ ಮಿಲಿಮೀಟರ್. ಹಾರುವ ಪೆಲೆಟ್ಟಿನ ಅಗಲವೇ 4.5 ಮಿಲಿಮೀಟರ್, ಅಂದರೆ ಬಿಂದುವಿನ ಒಂಬತ್ತು ಪಟ್ಟು. ಸಿಟ್ಟು, ಆತುರ, ಭಯ ಯಾವುದಿದ್ದರೂ ಅದು ಕಾಗದದ ಮೇಲೆ ಕಾಣುತ್ತದೆ. ಉಸಿರು ಅರ್ಧ ಬಿಟ್ಟು, ಎದೆಬಡಿತ ಅಡಗುವುದನ್ನು ಕಾದು, ಕುದುರೆಯನ್ನು ನಿಧಾನವಾಗಿ ಒತ್ತುವ ಮಗು ಆ ಹೊತ್ತಿನಲ್ಲಿ ಯಾರ ಮೇಲೂ ಹಗೆ ಸಾಧಿಸುತ್ತಿರುವುದಿಲ್ಲ. ಹಾಸನ ಜಿಲ್ಲೆಯ ಮಲೆನಾಡು ಭಾಗದಲ್ಲಿ ಬೆಳೆ ಕಾಯಲು ಪರವಾನಗಿಯ ಕೋವಿ ಇರುವ ಮನೆಗಳುಂಟು. ಅಂಥ ಮನೆಯ ಮಕ್ಕಳಿಗೆ ಕೋವಿಯೆಂದರೆ ಏನೆಂದು ಹೇಳದೆ ಮುಚ್ಚಿಡುವುದಕ್ಕಿಂತ ಎಚ್ಚರ ಕಲಿಸುವುದು ಮೇಲು.

ಹಾಗಾದರೆ ಕಾಗದಕ್ಕೆ ಜೀವವಿಲ್ಲ, ಹಿಂಸೆಯ ಪ್ರಶ್ನೆಯೇ ಇಲ್ಲ ಎನ್ನೋಣವೇ? ಹಾಗೆನ್ನಲು ಕವಿ ಜನ್ನ ಬಿಡುವುದಿಲ್ಲ. 1209ರ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ಕೇಡು ಕಳೆಯಲೆಂದು ಪ್ರಾಣಿಬಲಿ ಕೊಡಲು ಮಗನನ್ನು ಒತ್ತಾಯಿಸುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಹಿಟ್ಟಿನ ಕೋಳಿಗೆ ಒಪ್ಪುತ್ತಾರೆ. ರಕ್ತವಿಲ್ಲ, ಜೀವವಿಲ್ಲ, ಆದರೆ ಕತ್ತಿ ಎತ್ತುವಾಗ ಮನಸ್ಸಿನಲ್ಲಿದ್ದದ್ದು ಕೋಳಿಯನ್ನು ಕಡಿಯುವ ಸಂಕಲ್ಪ. ಆ ಒಂದು ಸಂಕಲ್ಪಕ್ಕೆ ತಾಯಿಯೂ ಮಗನೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಹೆತ್ತವರು ಮಕ್ಕಳಿಗೆ ಕೊಡುವುದರಲ್ಲಿ ಆಯುಧಕ್ಕಿಂತ ಸಂಕಲ್ಪ ಹೆಚ್ಚು ಅಪಾಯಕಾರಿ ಎಂಬುದನ್ನು ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾಗಿ ಹೇಳಿದ ಕಥೆ ಇಲ್ಲ.

ಇದನ್ನು ರೇಂಜಿಗೆ ಅನ್ವಯಿಸಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ಉಂಗುರಗಳ ನಡುವಿನ ಬಿಂದು ಯಾರ ರೂಪವೂ ಅಲ್ಲ. ಅಲ್ಲಿಗೆ ಗುರಿಯಿಡುವ ಮಗು ತನ್ನ ಅಳುಕನ್ನು ಗೆಲ್ಲುತ್ತದೆಯೇ ಹೊರತು ಯಾರನ್ನೂ ಬೀಳಿಸುವುದಿಲ್ಲ. ಅದೇ ಕಾಗದದಲ್ಲಿ ಮನುಷ್ಯನ ಎದೆ, ತಲೆ ಬಿಡಿಸಿದ್ದರೆ ಅದು ಹಿಟ್ಟಿನ ಕೋಳಿಯೇ. ಹಾರಿದ ಗುಂಡು ಎರಡು ಕಡೆಯೂ ಕಾಗದವನ್ನೇ ತೂತು ಮಾಡಿದರೂ ಮಗುವಿನೊಳಗೆ ಊರುವುದು ಬೇರೆಬೇರೆ. ಪೊಲೀಸರಿಗೆ, ಸೈನಿಕರಿಗೆ ಮನುಷ್ಯಾಕೃತಿಯ ಗುರಿ ಬೇಕಾಗಬಹುದು. ಅದು ಅವರ ಹೊಣೆಯ ಭಾಗ, ವಿರೋಧಿ ಹಿಂಸೆಯ ಲೆಕ್ಕಕ್ಕೆ ಸೇರಿದ್ದು. ಮಗುವಿಗೆ ಅಂಥ ಹೊಣೆ ಯಾವುದೂ ಇಲ್ಲ. ನೆರೆಯ ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕೋವಿಯೊಂದಿಗೆ ಬೆಳೆದ ಜನರೇ ಹಬ್ಬದ ಪಂದ್ಯಕ್ಕೆ ಕಾಯನ್ನು ಗುರಿಯಾಗಿಟ್ಟದ್ದು ಇಲ್ಲಿ ನೆನೆಯತಕ್ಕದ್ದು.

ಬೆಳಗೊಳದ ಸ್ಥಳಪುರಾಣದಲ್ಲೂ ತಾಯಿ, ಮಗ ಮತ್ತು ಒಂದು ಬಾಣ ಇವೆ. ಪೌದನಪುರದ ಬಾಹುಬಲಿಯನ್ನು ಕಾಣದೆ ಹಾಲು ಮುಟ್ಟುವುದಿಲ್ಲವೆಂದು ಚಾವುಂಡರಾಯನ ತಾಯಿ ಕಾಳಲದೇವಿ ವ್ರತ ಹಿಡಿದಳು. ಯಾತ್ರೆ ಹೊರಟ ಚಾವುಂಡರಾಯನಿಗೆ ಕನಸಿನಲ್ಲಿ ಅಪ್ಪಣೆಯಾಗಿ, ಅವನು ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದ ಬಂಡೆಗೆ ಚಿನ್ನದ ಬಾಣ ಬಿಟ್ಟ. ಬಾಣ ತಗುಲಿದ ಕಡೆ ಗೊಮ್ಮಟನ ರೂಪ ತೋರಿತು. ಚಿಕ್ಕಬೆಟ್ಟದ ಬುಡದಲ್ಲಿ ಚಾವುಂಡರಾಯನ ಬಂಡೆಯನ್ನು ಇಂದಿಗೂ ತೋರಿಸುತ್ತಾರೆ. ಇದು ಇತಿಹಾಸವಲ್ಲ, ಐತಿಹ್ಯ. ಆದರೂ ರಣರಂಗಸಿಂಗನ ಕೈಯಿಂದ ಹೊರಟ ಬಾಣಕ್ಕೆ ಜನರ ಕಲ್ಪನೆ ಶತ್ರುವನ್ನು ಕೊಡಲಿಲ್ಲ, ಕಲ್ಲನ್ನು ಕೊಟ್ಟಿತು. ಗುರಿ ಹೊಡೆಯುವ ಕಲೆಗೂ ಕೊಲ್ಲುವ ಕೆಲಸಕ್ಕೂ ನಡುವೆ ಬಿರುಕು ಕಾಣುವ ವಿವೇಕ ಅದರಲ್ಲಿದೆ.

ಕ್ರೀಡೆಯಾಗಿ ನೋಡಿದರೆ ಕರ್ನಾಟಕದಲ್ಲಿ ಈ ದಾರಿ ಹೊಸದಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ತಂದೆ ಪಾಪಣ್ಣ ಅವರೂ ಶೂಟರ್. ಕರ್ನಾಟಕದ ಶೂಟರ್ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್ಪಿನ ಕಂಚು ಗೆದ್ದಾಗ ಆಕೆಗೆ 14 ವರ್ಷ. ಇಂಥ ಸಾಧನೆಗಳು ಹೆತ್ತವರ ಆಸೆಯನ್ನು ಕೆರಳಿಸುವುದು ಸಹಜ. ಇಲ್ಲಿ ಇನ್ನೊಂದು ಬಗೆಯ ಹಿಂಸೆ ಹೊಗುತ್ತದೆ. ಜೈನ ಪುರಾಣದ ಸೋದರರಾದ ಭರತ ಬಾಹುಬಲಿಯರು ಸೇನೆಗಳನ್ನು ಬಿಟ್ಟು ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಸೆಣಸಿದಾಗ ಯಾರ ರಕ್ತವೂ ಚೆಲ್ಲಲಿಲ್ಲ. ಆದರೆ ಸೋಲನ್ನು ತಾಳಲಾರದೆ ಭರತ ತಮ್ಮನ ಮೇಲೆ ಚಕ್ರ ಬಿಟ್ಟ. ಪಂದ್ಯದಲ್ಲಿ ಹಿಂಸೆ ಇರಲಿಲ್ಲ, ಗೆಲ್ಲಲೇಬೇಕೆಂಬ ಹಟದಲ್ಲಿ ಇತ್ತು. ಅಂಕ ಕಡಿಮೆಯಾದಾಗ ಮಗುವನ್ನು ಗದರುವ, ಬೇಡವೆಂದರೂ ಎಳೆದು ತರುವ ಹೆತ್ತವರು ಕಾಗದದ ಗುರಿಯನ್ನು ಬಿಟ್ಟು ಮಗುವನ್ನೇ ಗುರಿಯಾಗಿಸಿಕೊಂಡಿರುತ್ತಾರೆ.

ಹೀಗಾಗಿ ಈ ಪ್ರಶ್ನೆಗೆ ಬರಿಯ ಹೌದು ಅಥವಾ ಬರಿಯ ಇಲ್ಲ ಎಂಬ ಉತ್ತರ ನಿಲ್ಲದು. ರೈಫಲ್ಲಿನ ತೂಕ ತಾಳುವ, ನಿಯಮ ತಿಳಿದು ಪಾಲಿಸುವ, ಬೇಡವೆನಿಸಿದರೆ ಬೇಡವೆನ್ನಬಲ್ಲ ವಯಸ್ಸಿನ ಮಗುವನ್ನು, ಉಂಗುರದ ಗುರಿಯಿರುವ ಏರ್ ರೈಫಲ್ ರೇಂಜಿಗೆ ಕರೆದೊಯ್ಯುವುದು ಹಿಂಸಾದಾನವಲ್ಲ. ಮೋಜಿಗೆಂದು ಯುದ್ಧದ ಬಂದೂಕನ್ನು ಪುಟ್ಟ ಕೈಗಿಡುವುದೂ ಮನುಷ್ಯನ ಚಿತ್ರಕ್ಕೆ ಗುರಿಯಿಡಿಸುವುದೂ ಖಂಡಿತವಾಗಿ ಹಿಂಸಾದಾನವೇ. ಮನೆಯಲ್ಲಿ ಕೋವಿ ಇರುವವರು ಮಗುವನ್ನು ರೇಂಜಿಗೆ ಕರೆದೊಯ್ಯಲಿ, ಬಿಡಲಿ, ಇಂದೇ ಅದರ ತೋಟಾ ತೆಗೆದು ಬೇರೆಡೆ ಇಟ್ಟು, ಕೋವಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಕ್ಕಳಿಗೆ ಸಿಗದಂತೆ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು.