ಕೋವಿಯ ಸತ್ಯವೂ ಮನುಷ್ಯನ ಸತ್ಯವೂ

ಗತಕಾಲದ ಅಪರಾಧಗಳನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳನ್ನು ನೋಡುವವರಲ್ಲಿ ಒಂದು ವಿಶೇಷ ವರ್ಗದ ರಸಿಕರುಂಟು. ಅವರ ಕಣ್ಣು ನಟನ ಮುಖದ ಮೇಲೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಅವನ ಕೈಯಲ್ಲಿರುವ ಆಯುಧದ ಮೇಲೆ ನಿಲ್ಲುವುದು. ಆ ಪಿಸ್ತೂಲು ಯಾವ ವರ್ಷದ್ದು, ಕಥೆ ನಡೆದ ಕಾಲಕ್ಕೆ ಅದು ಹುಟ್ಟಿತ್ತೆ, ಹುಟ್ಟಿದ್ದರೂ ಅಂಥವನ ಕೈಗೆ ಬರುವಂತಿತ್ತೆ ಎಂಬಿವು ಅವರ ಪ್ರಶ್ನೆಗಳು. ಇದನ್ನು ಬರಿಯ ಹುಡುಗಾಟವೆಂದು ನಗುವವರು ಅನೇಕರು. ಆದರೆ ನಗುವುದಕ್ಕೆ ಮುಂಚೆ ಆ ಪ್ರಶ್ನೆಗಳ ಹಿಂದಿರುವ ಧರ್ಮವನ್ನು ವಿಚಾರಮಾಡುವುದು ಉಚಿತ. ನಡೆದುಹೋದುದನ್ನು ಮತ್ತೆ ಕಣ್ಣಿಗೆ ಕಟ್ಟುವಂತೆ ತೋರಿಸುವವನು ನಡೆದುದಕ್ಕೆ ಎಷ್ಟರಮಟ್ಟಿಗೆ ಋಣಿ? ಆ ಋಣವು ಸಲ್ಲಬೇಕಾದುದು ವಸ್ತುಗಳಿಗೋ, ಮನುಷ್ಯರಿಗೋ?

ಉದಾಹರಣೆಗೆ ಅಮೆರಿಕಾದ ಥಾಮ್ಸನ್ ಮೆಷಿನ್‌ಗನ್ನನ್ನೇ ತೆಗೆದುಕೊಳ್ಳಬಹುದು. ಅಲ್ಲಿನ ದರೋಡೆಗಾರರ ಕಥೆಯೆಂದರೆ ಈ ಆಯುಧವು ತೆರೆಯ ಮೇಲೆ ಬಂದೇ ಬರುವುದು. ಕೋಲ್ಟ್ ಕಾರ್ಖಾನೆಯವರು 1921-22ರಲ್ಲಿ ಇಂಥ 15,000 ಕೋವಿಗಳನ್ನು ತಯಾರಿಸಿದರು. ಅವುಗಳ ನಳಿಗೆಯ ಸುತ್ತ ಕಾವನ್ನು ಕಳೆಯಲು ಬಳೆ ತೊಡಿಸಿದಂತೆ ಏಣುಗಳಿವೆ. ಗುಂಡು ಹಾರಿಸಲು ಸಜ್ಜುಗೊಳಿಸುವ ಗುಬಟು ಮೈಯ ಮೇಲ್ಭಾಗದಲ್ಲಿದೆ. ಕೆಳಗಡೆ 50 ಇಲ್ಲವೆ 100 ತೋಟಾಗಳನ್ನು ತುಂಬಿದ ದುಂಡು ಡಬ್ಬಿಯನ್ನು ಸೇರಿಸಬಹುದು. ಎರಡನೆಯ ಮಹಾಯುದ್ಧದಲ್ಲಿ ಬೇಗನೆಯೂ ಅಗ್ಗವಾಗಿಯೂ ತಯಾರಿಸಬೇಕಾಗಿ ಬಂದುದರಿಂದ 1942ರ ಹೊತ್ತಿಗೆ ಅದರ ರೂಪವೇ ಬೇರೆಯಾಯಿತು: ನಳಿಗೆ ನುಣ್ಣಗಾಯಿತು, ಗುಬಟು ಬಲಮಗ್ಗುಲಿಗೆ ಸರಿಯಿತು, ದುಂಡು ಡಬ್ಬಿಯನ್ನು ಸೇರಿಸುವ ಅನುಕೂಲವು ಹೋಯಿತು. ಆದುದರಿಂದ 1934ರ ದರೋಡೆಯೊಂದರಲ್ಲಿ ಮಗ್ಗುಲ ಗುಬಟಿನ ಕೋವಿ ಕಾಣಿಸಿಕೊಂಡರೆ, ಇದು ಇನ್ನೂ ಹುಟ್ಟಿರಲಿಲ್ಲವೆಂದು ಬಲ್ಲವನು ಕುಳಿತಲ್ಲಿಂದಲೇ ಹೇಳಬಲ್ಲನು.

ಆದರೂ ಈ ವಿದ್ಯೆ ತೋರುವಷ್ಟು ಸುಲಭವಲ್ಲ. 1921ರ ಮಾದರಿಗೆ ಸಾಕಷ್ಟು ಗಿರಾಕಿಗಳು ದೊರೆಯದೆ ಕೋವಿಗಳು ಉಳಿದುಹೋದುವು. ಅವುಗಳಲ್ಲಿ ಕೆಲವನ್ನು ನೌಕಾಪಡೆಗಾಗಿ ಮಾರ್ಪಡಿಸಿದಾಗ, ಮೈಮೇಲೆ ಕೊರೆದಿದ್ದ 1921 ಎಂಬುದರ ಕೊನೆಯ ಅಂಕಿಯ ಮೇಲೆಯೇ 8ನ್ನು ಒತ್ತಿ 1928 ಎಂದು ಮಾಡಿದರು. ವಸ್ತುವೇ ತನ್ನ ಜನ್ಮವರ್ಷವನ್ನು ತಿದ್ದಿಕೊಂಡಿತು! ಇನ್ನೊಂದು ಇದಕ್ಕಿಂತಲೂ ವಿಚಿತ್ರ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಲೆಬ್‌ಮನ್ ಎಂಬ ಕೋವಿ ಕೆಲಸಗಾರನು ಕೋಲ್ಟ್ ಪಿಸ್ತೂಲುಗಳಿಗೆ ಥಾಮ್ಸನ್ನಿನ ಮುಂಗೈಹಿಡಿಯನ್ನು ಜೋಡಿಸಿ, ಒಂದೇ ಸಲ ಕುದುರೆಯನ್ನು ಎಳೆದರೆ ಗುಂಡುಗಳು ಸತತವಾಗಿ ಹಾರುವಂತೆ ಮಾಡಿಕೊಡುತ್ತಿದ್ದನು. ಅವುಗಳಲ್ಲಿ ಕೆಲವು ಡಿಲಿಂಜರನ ಗುಂಪಿನವರ ಕೈಸೇರಿದುವು. ಇಂದಿನ ನೋಟಕನು ಅಂಥದನ್ನು ತೆರೆಯಲ್ಲಿ ಕಂಡರೆ ಚಿತ್ರಕಾರರ ಕಲ್ಪನೆಯೆಂದು ತಳ್ಳಿಹಾಕುವ ಸಂಭವವೇ ಹೆಚ್ಚು. ಕಾಲಕ್ಕೆ ಸಲ್ಲದಂತೆ ತೋರುವುದೆಲ್ಲ ಸಲ್ಲದುದಲ್ಲ.

ನಮ್ಮ ಆಲಂಕಾರಿಕರಿಗೆ ಈ ವಿಚಾರವು ಹೊಸದೇನೂ ಅಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ದೇಶಕಾಲಾದಿಗಳ ವಿರೋಧವನ್ನು ದೋಷಗಳ ಸಾಲಿನಲ್ಲಿ ಎಣಿಸಿ, ಅದರ ಬೆನ್ನಿಗೇ, ಕವಿಯ ಕೌಶಲದಿಂದ ಇಂಥ ವಿರೋಧವೂ ಒಮ್ಮೊಮ್ಮೆ ಗುಣವಾಗಿ ಪರಿಣಮಿಸಬಹುದೆಂದು ಹೇಳಿದ್ದಾನೆ. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ರೋಮಿನ ಆ ಕಾಲಕ್ಕೆ ಇಲ್ಲದ ಗಡಿಯಾರವು ಗಂಟೆ ಹೊಡೆಯುವುದು ಪ್ರಸಿದ್ಧವೇ ಆಗಿದೆ. ಅದರಿಂದ ನಾಟಕಕ್ಕೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ. ಸೀಸರನಿಗಾಗಲಿ ಬ್ರೂಟಸನಿಗಾಗಲಿ ಅನ್ಯಾಯವೂ ಆಗಲಿಲ್ಲ. ದೋಷದ ವಿಚಾರವು ಇಲ್ಲಿಯ ತನಕ ಬಂದರೆ ಅದು ಅಭಿರುಚಿಯ ಮಾತು. ಯಾರಿಗೆ ಅನ್ಯಾಯವಾಯಿತು ಎಂದು ಕೇಳಿದೊಡನೆ ಅದು ನೀತಿಯ ಮಾತಾಗುವುದು.

2009ರಲ್ಲಿ ಮೈಕೆಲ್ ಮ್ಯಾನ್ ನಿರ್ದೇಶಿಸಿದ ‘ಪಬ್ಲಿಕ್ ಎನಿಮೀಸ್’ ಎಂಬ ಚಿತ್ರವು ಜಾನ್ ಡಿಲಿಂಜರನ ಕಥೆ. ಅದರ ತಯಾರಿಕೆಯಲ್ಲಿ ತೋರಿದ ಶ್ರದ್ಧೆ ಸಾಮಾನ್ಯವಾದುದಲ್ಲ. ಅವನು ತಪ್ಪಿಸಿಕೊಂಡ ಕ್ರೌನ್ ಪಾಯಿಂಟ್ ಸೆರೆಮನೆಯಲ್ಲಿಯೂ, 1934ರ ಏಪ್ರಿಲ್ 22ರ ರಾತ್ರಿ ಗುಂಡಿನ ಕಾಳಗ ನಡೆದ ವಿಸ್ಕಾನ್ಸಿನ್ ಕಾಡಿನ ಲಿಟಲ್ ಬೊಹೀಮಿಯಾ ವಸತಿಗೃಹದಲ್ಲಿಯೂ ಚಿತ್ರೀಕರಣವು ನಡೆಯಿತು. ಆದರೆ ಅದೇ ಚಿತ್ರದಲ್ಲಿ ಆ ಕಾಳಗದ ಬೆನ್ನಲ್ಲಿಯೇ ‘ಬೇಬಿ ಫೇಸ್’ ನೆಲ್ಸನ್ ಎಂಬವನು ಮೆಲ್ವಿನ್ ಪರ್ವಿಸನ ಕಡೆಯವರ ಗುಂಡಿಗೆ ಸಾಯುತ್ತಾನೆ. ವಾಸ್ತವದಲ್ಲಿ ಆ ರಾತ್ರಿ ನೆಲ್ಸನನು ಸರ್ಕಾರದ ಏಜೆಂಟನೊಬ್ಬನನ್ನು ಕೊಂದು ಪಾರಾದನು. ಅವನು ಸತ್ತುದು ಏಳು ತಿಂಗಳ ಮೇಲೆ, ನವೆಂಬರ್ 27ರಂದು, ಇಲಿನಾಯ್ ಪ್ರಾಂತದ ಬ್ಯಾರಿಂಗ್ಟನ್ನಿನಲ್ಲಿ ಸ್ಯಾಮ್ಯುಯೆಲ್ ಕೌಲಿ, ಹರ್ಮನ್ ಹಾಲಿಸ್ ಎಂಬ ಇಬ್ಬರು ಏಜೆಂಟರೊಡನೆ ನಡೆದ ಹೋರಾಟದಿಂದ. ಆ ಇಬ್ಬರೂ ಅದರಲ್ಲಿಯೇ ಪ್ರಾಣ ತೆತ್ತರು. ಪರ್ವಿಸನು ಆ ಹೋರಾಟದಲ್ಲಿರಲಿಲ್ಲ. ಫ್ಲಾಯ್ಡ್ ಎಂಬ ಮತ್ತೊಬ್ಬ ದರೋಡೆಗಾರನು ಡಿಲಿಂಜರನಿಗಿಂತ ಮೂರು ತಿಂಗಳು ಹೆಚ್ಚಾಗಿ ಬದುಕಿದ್ದರೂ ಚಿತ್ರವು ಅವನನ್ನು ಮೊದಲೇ ಮುಗಿಸಿಬಿಟ್ಟಿದೆ; ಇದು ಹೋಗಲಿ.

ಎರಡು ಗಂಟೆಗಳ ಕಥೆಗೆ ವರ್ಷದ ಘಟನೆಗಳನ್ನೆಲ್ಲ ತುಂಬಲಾಗದು, ಸಂಕ್ಷೇಪವು ಕಲೆಯ ಹಕ್ಕು ಎಂಬ ಸಮಾಧಾನವುಂಟು. ಸಂಕ್ಷೇಪವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಇಬ್ಬರು ಪ್ರಾಣಕೊಟ್ಟು ಮಾಡಿದ ಕಾರ್ಯವನ್ನು ಮೂರನೆಯವನ ಹೆಸರಿಗೆ ಬರೆಯುವುದು ಸಂಕ್ಷೇಪವಲ್ಲ. ಅದು ಒಬ್ಬರ ಸೊತ್ತನ್ನು ಇನ್ನೊಬ್ಬರಿಗೆ ದಾನಮಾಡಿದಂತೆ. ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸ್ಥಳವು ನಿಜ, ಮೋಟಾರು ನಿಜ, ಉಡುಪು ನಿಜ. ಇಷ್ಟನ್ನು ಕಂಡ ನೋಟಕನು ಉಳಿದುದನ್ನೂ ನಿಜವೆಂದೇ ನಂಬುವನು. ಸಣ್ಣದರಲ್ಲಿ ತೋರಿದ ನಿಷ್ಠೆಯು ದೊಡ್ಡದರ ಅಸತ್ಯಕ್ಕೆ ಜಾಮೀನು ನಿಲ್ಲುತ್ತದೆ. ರಟ್ಟಿನ ಕೋವಿ, ಬಣ್ಣದ ಪರದೆಗಳ ಹಳೆಯ ನಾಟಕವು ಹೀಗೆ ಯಾರನ್ನೂ ವಂಚಿಸುತ್ತಿರಲಿಲ್ಲ. ವಸ್ತುಗಳ ವಿಷಯದಲ್ಲಿ ನಿಷ್ಠೆಯು ಹೆಚ್ಚಿದಷ್ಟೂ ಮನುಷ್ಯರ ವಿಷಯದಲ್ಲಿ ಹೊಣೆಯೂ ಹೆಚ್ಚಬೇಕಾಗಿರುವುದು ಇದರಿಂದಲೇ.

1967ರ ‘ಬಾನಿ ಅಂಡ್ ಕ್ಲೈಡ್’ ಚಿತ್ರದ ಕಥೆಯು ಇನ್ನೂ ಸ್ಪಷ್ಟವಾದುದು. ಕ್ಲೈಡ್ ಬ್ಯಾರೋ ಎಂಬವನಿಗೆ ಪ್ರಿಯವಾದುದು ಸೈನ್ಯದ ಉಗ್ರಾಣಗಳಿಂದ ಕದ್ದ ಬ್ರೌನಿಂಗ್ ಕೋವಿ. ಚಿತ್ರವು ಥಾಮ್ಸನ್ನಿಗೆ ಧಾರಾಳವಾಗಿ ಎಡೆಗೊಟ್ಟಿದೆ. ಆಯುಧರಸಿಕರು ಇದನ್ನು ಎತ್ತಿ ಆಡಿದುದುಂಟು. ಅದೇ ಚಿತ್ರದಲ್ಲಿ ಫ್ರ್ಯಾಂಕ್ ಹೇಮರ್ ಎಂಬ ಟೆಕ್ಸಾಸಿನ ಅಧಿಕಾರಿಯನ್ನು ಆ ಜೋಡಿಯು ಸೆರೆಹಿಡಿದು, ಹೀಯಾಳಿಸಿ, ಅವನೊಡನೆ ಫೋಟೋ ತೆಗೆಸಿಕೊಳ್ಳುವುದು; ಅವನು ಆ ಸೇಡಿಗಾಗಿಯೇ ಅವರನ್ನು ಬೇಟೆಯಾಡುವಂತೆ ತೋರುವುದು. ನಿಜವಾಗಿ 1934ರ ಮೇ 23ರಂದು ಲೂಯಿಸಿಯಾನದ ರಸ್ತೆಯ ಬದಿಯಲ್ಲಿ ಹೊಂಚಿ ಕುಳಿತು ಕೊಲ್ಲುವವರೆಗೂ ಅವನು ಅವರಿಗೆ ಎದುರಾಗಿಯೇ ಇರಲಿಲ್ಲ. ಆ ಹೊಂಚನ್ನು ಧರ್ಮಯುದ್ಧವೆನ್ನಲು ಅನೇಕರು ಒಪ್ಪಲಾರರು. ಅದು ಬೇರೆ ಚರ್ಚೆ. ಮಾಡಿದುದಕ್ಕೆ ಒಬ್ಬನನ್ನು ದೂರುವುದು ಒಂದು, ಆಗದ ಅಪಮಾನವನ್ನೂ ಇಲ್ಲದ ಸೇಡನ್ನೂ ಅವನಿಗೆ ಅಂಟಿಸುವುದು ಇನ್ನೊಂದು. ಹೇಮರನು 1955ರಲ್ಲಿಯೇ ತೀರಿಕೊಂಡಿದ್ದನು. ಅವನ ಹೆಂಡತಿಯೂ ಮಗನೂ ಚಿತ್ರದವರ ಮೇಲೆ ದಾವೆ ಹೂಡಿದರು. 1971ರಲ್ಲಿ ಅದು ನ್ಯಾಯಾಲಯದ ಹೊರಗೆ ರಾಜಿಯಾಯಿತು. ಬ್ರೌನಿಂಗ್ ಕೋವಿಯ ಪರವಾಗಿ ದಾವೆ ಹೂಡುವವರು ಯಾರೂ ಇರಲಿಲ್ಲ.

ಹಾಗೆಂದು ಕೋವಿಯನ್ನು ಪರೀಕ್ಷಿಸುವ ಕಣ್ಣನ್ನು ಹಗುರವಾಗಿ ಕಾಣುವುದು ತರವಲ್ಲ. ‘ಇದು ಆಗ ಹೀಗಿತ್ತೆ?’ ಎಂದು ಕೇಳುವ ಅಭ್ಯಾಸವೇ ಅಪರೂಪವಾದುದು. ಅದನ್ನು ಗುಬಟು ಏಣುಗಳಲ್ಲಿ ಕಲಿತವನು ಕೌಲಿ ಹಾಲಿಸರ ವಿಷಯದಲ್ಲಿಯೂ ಕೇಳಬಲ್ಲನು. ಕಲಿಯದವನು ಎರಡನ್ನೂ ಕೇಳನು. ಆದರೆ ಆಯುಧವಿದ್ಯೆಗೂ ಒಂದು ಮೇರೆಯುಂಟು. 1934ರ ಮಾರ್ಚ್ 3ರಂದು ಡಿಲಿಂಜರನು ಕ್ರೌನ್ ಪಾಯಿಂಟಿನ ಸೆರೆಯಿಂದ ಪಾರಾದುದು ಮರದಲ್ಲಿ ಕೆತ್ತಿದ ಪಿಸ್ತೂಲಿನಿಂದ ಕಾವಲುಗಾರರನ್ನು ಬೆದರಿಸಿ ಎಂದು ಅವನೇ ಹೇಳಿಕೊಂಡನು. ಲಂಚದ ಬಲದಿಂದ ನಿಜವಾದ ಪಿಸ್ತೂಲೇ ಒಳಕ್ಕೆ ಬಂದಿತ್ತೆಂದು ವಾದಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಮುಂದಿನ ತಿಂಗಳು ತಂದೆಯ ಮನೆಯಲ್ಲಿ ತೆಗೆಸಿಕೊಂಡ ಛಾಯಾಚಿತ್ರವೊಂದರಲ್ಲಿ ಅವನ ಒಂದು ಕೈಯಲ್ಲಿ ಥಾಮ್ಸನ್ ಕೋವಿಯೂ ಇನ್ನೊಂದರಲ್ಲಿ ಆ ಮರದ ತುಂಡೂ ಇವೆ. ಥಾಮ್ಸನ್ನಿನ ಮಾದರಿಯನ್ನು ಬಲ್ಲವರು ನೋಡಿದೊಡನೆ ಹೇಳುವರು. ಮರದ ತುಂಡಿಗೆ ಕಾರ್ಖಾನೆಯಿಲ್ಲ, ಸಂಖ್ಯೆಯಿಲ್ಲ, ವರ್ಷವಿಲ್ಲ. ಅದರ ವಿಷಯದಲ್ಲಿ ಉಳಿದಿರುವುದು ಅದನ್ನು ಹಿಡಿದು ನಗುತ್ತಿರುವವನ ಮಾತು ಮಾತ್ರ.