ಸಹಜವೆಂಬುದರ ಮೇರೆ

ಮೆದುಳನ್ನೂ ಬೆನ್ನುಹುರಿಯನ್ನೂ ಆವರಿಸಿ ಹರಿಯುವ ನಿರ್ಮಲ ದ್ರವವನ್ನು 1891ರಲ್ಲಿ ಜರ್ಮನಿಯ ಕ್ವಿಂಕೆ ಎಂಬ ವೈದ್ಯನು ಸೊಂಟದ ಎಲುಬುಗಳ ನಡುವೆ ಸೂಜಿಯನ್ನಿಳಿಸಿ ಹೊರತೆಗೆದಂದಿನಿಂದ, ಇದರಲ್ಲಿ ಯಾವುದು ಎಷ್ಟಿದ್ದರೆ ಸಹಜ ಎಂಬ ಪ್ರಶ್ನೆಯು ವೈದ್ಯನದಾಗಿರುವಷ್ಟೇ ತತ್ತ್ವಜ್ಞನದೂ ಆಗಿದೆ. ಆರೋಗ್ಯವಂತನಲ್ಲಿ ಅದರೊಳಗಿನ ಪ್ರತಿಕಾಯಗಳ ಬಹುಭಾಗವು ಅಲ್ಲಿಯೇ ಹುಟ್ಟಿದುದಲ್ಲ. ರಕ್ತದಿಂದ ಅತಿ ಮೆಲ್ಲನೆ ಒಸರಿ ಬಂದುದು, ರಕ್ತದಲ್ಲಿರುವುದರ ಕೆಲವು ನೂರರಲ್ಲೊಂದು ಪಾಲು ಮಾತ್ರ. ಆದುದರಿಂದ, ಮಲೇರಿಯಾದಂತಹ ಸೋಂಕುಗಳು ನೆಲೆಸಿರುವ ಪಶ್ಚಿಮ ಆಫ್ರಿಕದ ಗ್ರಾಮವೊಂದರಲ್ಲಿ ಬೆಳೆದು, ರಕ್ತದಲ್ಲಿ ಯೂರೋಪಿನವನಿಗಿಂತ ಅಧಿಕ ಪ್ರತಿಕಾಯವನ್ನು ಧರಿಸಿರುವವನ ದ್ರವದಲ್ಲಿಯೂ ಅದು ಹೆಚ್ಚಾಗಿ ಕಂಡರೆ, ಆತನ ಮೆದುಳು ರೋಗಗ್ರಸ್ತವೆಂದು ತೀರ್ಮಾನಿಸಬಹುದೆ? ಬಾರದು, ಅದಕ್ಕೆಂದೇ ವಿವೇಕಿಗಳು ಬರಿಯ ಮೊತ್ತವನ್ನು ಬಿಟ್ಟು, ದ್ರವಕ್ಕೂ ರಕ್ತಕ್ಕೂ ಇರುವ ಅನುಪಾತವನ್ನು ಹಿಡಿದು, ಅದನ್ನು ಯಕೃತ್ತಿನಲ್ಲಿ ಮಾತ್ರ ಹುಟ್ಟುವ ಆಲ್ಬುಮಿನ್ ಎಂಬ ಪ್ರೋಟೀನಿನ ಅನುಪಾತದೊಡನೆ ಹೋಲಿಸಿ ನೋಡುವರು. ಆ ಅನುಪಾತದಲ್ಲಿಯೂ ನವಜಾತ ಶಿಶುವಿಗೂ ವೃದ್ಧನಿಗೂ ಸಹಜದ ಮೇರೆ ಬೇರೆ.

1943ರಲ್ಲಿ ಫ್ರಾನ್ಸಿನ ತತ್ತ್ವಜ್ಞ ಜಾರ್ಜ್ ಕಾಂಗಿಲೆಮ್, ಸರಾಸರಿಯೇ ಸಹಜವಲ್ಲ, ಜೀವಿಯು ತನ್ನ ಪರಿಸರದೊಡನೆ ತಾನೇ ಹೂಡಿಕೊಳ್ಳುವ ಬಾಳಿನ ಕ್ರಮದಲ್ಲಿ ಅದನ್ನು ಅರಸಬೇಕೆಂದು ವಾದಿಸಿದನು. ಈ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ, ಆದರೆ ಒಂದು ಅಳುಕಿನೊಡನೆ: ಪರಿಸರವು ಒಡ್ಡಿದುದೆಲ್ಲವನ್ನೂ ಸಹಜವೆಂದು ಮನ್ನಿಸುವುದಾದರೆ, ಆ ಗ್ರಾಮದ ಮಕ್ಕಳನ್ನು ಮಳೆಗಾಲ ಬಂದಾಗಲೆಲ್ಲ ಕಾಡುವ, ಹಲವರನ್ನು ಕೊಂದೊಯ್ಯುವ ಜ್ವರವನ್ನೂ ಮನ್ನಿಸಿದಂತಾಗದೆ?